ಹಲ್ಲಿಗೆಂದು ತಂದ ಯಂತ್ರ

ನಲವತ್ತೊಂದನೆಯ ವಯಸ್ಸಿನಲ್ಲಿ ನನಗೆ ಹಲ್ಲುಜ್ಜಲು ಬರುವುದಿಲ್ಲವೆಂದು ಗೊತ್ತಾಯಿತು. ಇಂಥದ್ದನ್ನು ಹೇಳಿಕೊಳ್ಳುವುದು ಸುಲಭವಲ್ಲ. ಈಜು ಬರುವುದಿಲ್ಲ, ಇಸ್ಪೀಟು ಬರುವುದಿಲ್ಲ ಎಂದರೆ ಜನ ಪಾಪ ಎನ್ನುತ್ತಾರೆ. ಹಲ್ಲುಜ್ಜಲು ಬರುವುದಿಲ್ಲ ಎಂದರೆ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ನೀವು ಹಾಗೆ ಸರಿಯಲಾರಿರಿ ಎಂಬ ನಂಬಿಕೆಯಿಂದ, ಮತ್ತು ಕಾಗದಕ್ಕೆ ಬಾಯಿವಾಸನೆ ಅಂಟುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಇದನ್ನು ಪತ್ತೆ ಹಚ್ಚಿದವರು ಮುಂಬಯಿಯ ದಾದರಿನ ಒಬ್ಬ ಹಲ್ಲಿನ ಡಾಕ್ಟರು. ಬೆಳಗಾವಿ ಕಡೆಯ ಮನುಷ್ಯ. ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಹೇಳುವ ಪದ್ಧತಿ ಅವರದು. ಒಂದು ಭಾನುವಾರ ಜೋಳದ ರೊಟ್ಟಿಯ ಅಂಚು ಕಡಿಯುವಾಗ ನನ್ನ ಮೇಲಿನ ಸಾಲಿನ ಮುಂದಿನ ಹಲ್ಲು ಅಲುಗಿದಂತಾಯಿತು. ರೊಟ್ಟಿಯೇ ಅಲುಗಿರಬೇಕೆಂದು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಆಫೀಸಿನಿಂದ ಬರುವಾಗ ಮನೆಯಿರುವ ಘಾಟ್ಕೋಪರಿನವರೆಗೆ ಹೋಗದೆ ದಾದರಿನಲ್ಲೇ ಇಳಿದು ಅವರ ಕುರ್ಚಿಯಲ್ಲಿ ಕೂತೆ. ಡಾಕ್ಟರು ಕನ್ನಡಿ ತೂರಿಸಿ ನೋಡಿದರು, ಮೊಳೆಯಂಥದ್ದರಿಂದ ಅಲ್ಲಲ್ಲಿ ಚುಚ್ಚಿದರು, ಕೊನೆಗೆ ಕೈಗೊಂದು ಹೊಸ ಬ್ರಶ್ಶು ಕೊಟ್ಟು ಮನೆಯಲ್ಲಿ ಹೇಗೆ ಉಜ್ಜುತ್ತೀರೋ ಹಾಗೆ ಉಜ್ಜಿ ತೋರಿಸಿ ಎಂದರು. ಡಾಕ್ಟರು ನೋಡುತ್ತಿದ್ದಾರೆಂಬ ಮರ್ಯಾದೆಗೆ ನಾನು ಮನೆಯಲ್ಲಿ ಉಜ್ಜುವುದಕ್ಕಿಂತ ಹೆಚ್ಚೇ ಉಜ್ಜಿದೆ. ಅವರು ನೋಡುತ್ತಿದ್ದದ್ದು ಕೈಗಡಿಯಾರವನ್ನು. ಇಪ್ಪತ್ತೆರಡು ಸೆಕೆಂಡು ಅಂದರು.

ವಸಡು ಸಡಿಲವಾಗಿ ಹೋಗಿದೆಯಂತೆ. ಕೆಳಗಿನ ಒಂದು ದವಡೆ ಹಲ್ಲಿನ ಕಥೆ ಆಗಲೇ ಮುಗಿದಿತ್ತು. ಮೇಲಿನ ಸಾಲು ಮಾತ್ರ ಇನ್ನೂ ಕೋರ್ಟಿನಲ್ಲಿತ್ತು. "ಈಗ ಹೋಳಿ ಹುಣ್ಣಿವಿ ಆಗೇದ. ದಸರಾ ಮುಂದ ಬರ್ರಿ. ಅಷ್ಟರಾಗ ವಸಡು ಗಟ್ಟಿ ಆಗಲಿಲ್ಲಂದ್ರ ಮ್ಯಾಲಿನ ಸಾಲು ಪೂರಾ ತಗದು ಕವಳಿ ಹಾಕೋಣ" ಎಂದರು. ಮುಂಬಯಿಯಲ್ಲಿ ಕವಳಿ ಎಂದರೆ ಕಟ್ಟಿಸಿದ ಹಲ್ಲಿನ ಸೆಟ್ಟು. ಅದನ್ನವರು ಜೇಬಿಗೆ ಕರವಸ್ತ್ರ ಹಾಕೋಣ ಎನ್ನುವಷ್ಟು ಸಹಜವಾಗಿ ಹೇಳಿದರು.

ನನಗೆ ಹೆದರಿಕೆಯಾಯಿತು. ಇದರಲ್ಲಿ ತಮಾಷೆ ಏನೂ ಇಲ್ಲ. ನಮ್ಮಪ್ಪನಿಗೆ ನಲವತ್ತೈದಕ್ಕೇ ಹಲ್ಲು ಹೋಗಿದ್ದವು. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು, ಯಾರಿಗೂ ಕಾಣದಂತೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ನಾನು ಮುಂಬಯಿಗೆ ಬಂದು, ನೌಕರಿ ಹಿಡಿದು, ಕಡಲೆ ಕೊಳ್ಳುವ ಶಕ್ತಿ ಬಂದು ಇನ್ನೂ ಹತ್ತು ವರ್ಷ ಆಗಿರಲಿಲ್ಲ. ಅದಲ್ಲದೆ ನಮ್ಮದು ಒಂದೂವರೆ ಖೋಲಿಯ, ಅಂದರೆ ಒಂದೂವರೆ ಕೋಣೆಯ ಸಂಸಾರ. ನಾನು, ಹೆಂಡತಿ ಕುಸುಮಾ, ಹನ್ನೆರಡು ವರ್ಷದ ಮಗಳು ಸುಧಾ, ಎಪ್ಪತ್ತೆರಡರ ಅವ್ವ. ರಾತ್ರಿ ಕವಳಿಯನ್ನು ಬಿಚ್ಚಿ ಲೋಟದಲ್ಲಿ ಇಟ್ಟರೆ ಆ ಲೋಟ ಎಲ್ಲಿಡಬೇಕು? ಬೆಳಿಗ್ಗೆ ಮಗಳು ನಿದ್ದೆಗಣ್ಣಿನಲ್ಲಿ ಅದೇ ನೀರು ಕುಡಿದರೆ?

ತಪ್ಪನ್ನು ನನ್ನದೆಂದು ಒಪ್ಪಿಕೊಳ್ಳುವ ಮೊದಲು ಎಲ್ಲರಂತೆ ನಾನೂ ಸುತ್ತಮುತ್ತ ನೋಡಿದೆ. ಕುಣಿಯಲಾರದವಳಿಗೆ ನೆಲ ಡೊಂಕು. ನನಗೆ ನಲ್ಲಿ ಸಿಕ್ಕಿತು. ನಮ್ಮ ಚಾಳಿನಲ್ಲಿ ಮಹಡಿಗೊಂದು ನಲ್ಲಿ, ಅದು ಖೋಲಿಗಳ ಮುಂದೆ ಉದ್ದಕ್ಕೂ ಹಾದ ಗ್ಯಾಲರಿಯ ತುದಿಯಲ್ಲಿ. ನೀರು ಬರುವುದೇ ಬೆಳಿಗ್ಗೆ ಎರಡು ತಾಸು. ಬಾಯಲ್ಲಿ ನೊರೆ ತುಂಬಿಕೊಂಡು ಸಾಲಿನಲ್ಲಿ ನಿಂತವನ ಹಿಂದೆ ಬಕೆಟ್ಟು ಹಿಡಿದ ಏಳು ಜನ ನಿಂತಿರುವಾಗ ಯಾವ ಮನುಷ್ಯ ದವಡೆಯ ಒಳಸಾಲಿಗೆ ನ್ಯಾಯ ಒದಗಿಸಿಯಾನು? ಹೀಗೆ ನನ್ನೊಳಗೇ ವಾದ ಮಾಡಿ ಗೆದ್ದೆ. ಆದರೆ ನಮ್ಮ ಚಾಳಿನಲ್ಲಿ ಉಜ್ಜುವುದು ಗ್ಯಾಲರಿಯ ಅಂಚಿನ ಕಂಬಿ ಕಠಡೆಗೆ ಒರಗಿಕೊಂಡು. ನಲ್ಲಿ ಬೇಕಾಗುವುದು ಬಾಯಿ ಮುಕ್ಕಳಿಸಲಿಕ್ಕೆ ಮಾತ್ರ. ಪಕ್ಕದ ಖೋಲಿಯ ಶೆಟ್ಟರು ದಾದರಿನ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುವವರು. ಅವರು ಅದೇ ಕಠಡೆಗೆ ಒರಗಿ ಕಾಲು ತಾಸು ಉಜ್ಜುತ್ತ, ನೊರೆ ಬಾಯಿಂದಲೇ ಬಾಡಿಗೆ, ಸರ್ಕಾರ, ಸಾಂಬಾರು ಎಲ್ಲದರ ಮೇಲೂ ತೀರ್ಪು ಕೊಡುತ್ತಿದ್ದರು. ಆದ್ದರಿಂದ ಈ ವಾದವನ್ನು ಮನೆಯಲ್ಲಿ ಮಂಡಿಸಲಿಲ್ಲ.

ನಿಜ ಹೇಳಬೇಕೆಂದರೆ ಹಲ್ಲುಜ್ಜುವುದರಲ್ಲಿ ನನಗೆ ಹುಟ್ಟಿನಿಂದಲೂ ಬೇಸರ. ನಮ್ಮ ಹಿರಿಯರು ಈ ವಿಷಯಕ್ಕೆ ಎಷ್ಟು ತಲೆ ಕೆಡಿಸಿಕೊಂಡಿದ್ದರೆಂದರೆ, ಉಜ್ಜುವ ಕಡ್ಡಿ ಹನ್ನೆರಡು ಅಂಗುಲ ಉದ್ದ ಇರಬೇಕು, ಕಿರುಬೆರಳಿನಷ್ಟು ದಪ್ಪ ಇರಬೇಕು, ಇಂಥ ಮರದ್ದಾಗಬೇಕು, ಇಂಥದ್ದರದ್ದು ಕೂಡದು, ಪೂರ್ವಕ್ಕೆ ಮುಖ ಮಾಡಿ ಮಾತಾಡದೆ ಉಜ್ಜಬೇಕು ಎಂದೆಲ್ಲ ಬರೆದಿಟ್ಟಿದ್ದರು. ಜತೆಗೆ, ಅಮಾವಾಸ್ಯೆ, ಏಕಾದಶಿ ಮುಂತಾದ ಕೆಲವು ತಿಥಿಗಳಲ್ಲಿ ಕಡ್ಡಿಯೇ ನಿಷಿದ್ಧ. ಹನ್ನೆರಡು ಸಲ ಬಾಯಿ ಮುಕ್ಕಳಿಸಿದರೆ ಮುಗಿಯಿತು. ಇಡೀ ಶಾಸ್ತ್ರದಲ್ಲಿ ನನಗೆ ಬಾಯಿಪಾಠ ಬಂದದ್ದು ಇದೊಂದೇ ಭಾಗ. ಚಿಕ್ಕವನಿದ್ದಾಗ ಪಂಚಾಂಗವನ್ನು ನನ್ನಷ್ಟು ಶ್ರದ್ಧೆಯಿಂದ ನೋಡುವ ಹುಡುಗ ನಮ್ಮ ಓಣಿಯಲ್ಲಿ ಇರಲಿಲ್ಲ. ಈ ಹುಡುಗ ದೊಡ್ಡ ವೈದಿಕನಾಗುತ್ತಾನೆ ಎಂದು ಅಪ್ಪ ಹಿಗ್ಗಿದ್ದನಂತೆ.

ಇಂಥ ಸಂಕಟದ ಹೊತ್ತಿನಲ್ಲಿ ಪ್ರಹ್ಲಾದನ ಪತ್ರ ಬಂತು. ಪ್ರಹ್ಲಾದ ಕುಸುಮಾಳ ತಮ್ಮ. ಸರಕು ಹಡಗಿನಲ್ಲಿ ಕೆಲಸ. ವರ್ಷಕ್ಕೊಮ್ಮೆ ಮುಂಬಯಿ ಬಂದರಿಗೆ ಬರುತ್ತಿದ್ದ, ಬರುವಾಗ ಅಕ್ಕನಿಗೆಂದು ಒಂದು ಫಾರಿನ್ ಸಾಮಾನು ತರುತ್ತಿದ್ದ. ಒಂದೇ ಒಂದು. ಆ ವರ್ಷ ಮಿಕ್ಸರು ಬರಬೇಕೆಂದು ಆಗಲೇ ಠರಾವಾಗಿತ್ತು. ನಾನು ದಾದರಿನ ತೀರ್ಪನ್ನು ಅವನಿಗೆ ಬರೆದಿದ್ದೆ, ಸುಮ್ಮನೆ ದುಃಖ ತೋಡಿಕೊಳ್ಳಲಿಕ್ಕೆ. ಅವನ ಉತ್ತರದಲ್ಲಿ, ಭಾವಾ, ಇಲ್ಲಿ ಕರೆಂಟಿನಿಂದ ತಾನಾಗಿಯೇ ಹಲ್ಲು ತಿಕ್ಕುವ ಬ್ರಶ್ಶು ಸಿಗುತ್ತದೆ, ಬಾಯಲ್ಲಿ ಇಟ್ಟುಕೊಂಡು ನಿಂತರೆ ಸಾಕು ಎಂದಿತ್ತು. ಆ ಕೊನೆಯ ವಾಕ್ಯವನ್ನು ನಾನು ನಾಲ್ಕು ಸಲ ಓದಿದೆ. ಬಾಯಲ್ಲಿ ಇಟ್ಟುಕೊಂಡು ನಿಂತರೆ ಸಾಕು! ನಿಲ್ಲುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ದಿನಾ ಲೋಕಲ್ ರೈಲಿನಲ್ಲಿ ಒಂಟಿಗಾಲಲ್ಲಿ ನಿಲ್ಲುತ್ತೇನೆ.

ಆದರೆ ಅದರಲ್ಲಿ ಎರಡು ಥರ ಇದ್ದವಂತೆ. ಒಂದು ಅಗ್ಗದ್ದು, ಟಾರ್ಚಿನಂತೆ ಸೆಲ್ಲು ಹಾಕುವುದು. ಇನ್ನೊಂದು ಅದರ ಮೂರು ಪಟ್ಟು ದುಬಾರಿ; ಅದಕ್ಕೊಂದು ಪೀಠ, ಪೀಠವನ್ನು ಪ್ಲಗ್ಗಿಗೆ ಸಿಕ್ಕಿಸಿದರೆ ಹಿಡಿಕೆ ಅದರ ಮೇಲೆ ನಿಂತುಕೊಂಡು ತಾನೇ ಕರೆಂಟು ತುಂಬಿಕೊಳ್ಳುತ್ತದೆ. ಹಿಡಿಕೆ ಒಂದೇ ಆದರೂ ತಲೆಗಳು ನಾಲ್ಕು, ಕೆಂಪು, ನೀಲಿ, ಹಳದಿ, ಹಸಿರು. ಮನೆಯವರೆಲ್ಲ ತಮ್ಮ ತಮ್ಮ ತಲೆ ಸಿಕ್ಕಿಸಿ ಉಜ್ಜಿ ತೆಗೆದಿಡಬೇಕು. ಯಾವುದು ತರಲಿ, ಟಪಾಲು ತಡವಾಗುತ್ತದೆ, ತಾರು ಹಾಕಿ ತಿಳಿಸಿ ಎಂದು ಪ್ರಹ್ಲಾದ ಕೇಳಿದ್ದ.

ಬೆಳಗಿನ ಲೋಕಲ್ಲಿನ ನಮ್ಮ ಡಬ್ಬಿಯ ಸಹಪ್ರಯಾಣಿಕರ ಮುಂದೆ ಈ ಪ್ರಶ್ನೆಯನ್ನು ಇಟ್ಟೆ. ಒಂದು ವಾರದಲ್ಲಿ ಡಬ್ಬಿ ಎರಡು ಪಾರ್ಟಿಯಾಯಿತು. ಸೆಲ್ಲಿನವರು, ಹಲ್ಲೆಂದರೇನು ಮೋಟಾರೇ, ಅದಕ್ಕೆ ಪೀಠ ಯಾಕೆ, ಮೂಗಿಗಿಂತ ಮೂಗುತಿ ಭಾರ ಎಂದರು. ಪೀಠದವರು, ಅಗ್ಗದ ಸಾಮಾನು ಅರ್ಧ ಬಾಯಲ್ಲಿ ನಿಂತುಹೋದರೆ ಮಿಕ್ಕರ್ಧ ಬಾಯಿ ಏನು ಮಾಡಬೇಕು ಎಂದು ಕೇಳಿದರು. ಒಬ್ಬರಂತೂ ಸೆಲ್ಲಿನದರಲ್ಲಿ ಹಲ್ಲಿನ ಬೇರಿಗೆ ಹೆಚ್ಚು ಅನುಕೂಲ ಎಂದು ಕುರ್ಲಾದಿಂದ ಭಾಯಖಳಾವರೆಗೆ ವಿವರಿಸಿದರು. ಅಂಥ ಬ್ರಶ್ಶನ್ನು ಕಣ್ಣಿನಿಂದ ಕಂಡವರು ಇಡೀ ಡಬ್ಬಿಯಲ್ಲಿ ಒಬ್ಬರೂ ಇರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು, ಅದರಿಂದ ಚರ್ಚೆಗೆ ಏನೂ ಅಡ್ಡಿಯಾಗಲಿಲ್ಲ.

ನಾನು ದುಬಾರಿಯದ್ದನ್ನೇ ಆರಿಸಿದೆ. ಕಾರಣ ಯಾರಿಗೂ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಮನುಷ್ಯನಿಗೆ ತನ್ನ ಮೇಲೆ ನಂಬಿಕೆ ಎಷ್ಟು ಕಡಿಮೆಯೋ ಅಷ್ಟು ದುಬಾರಿ ಸಾಮಾನು ಬೇಕಾಗುತ್ತದೆ. ಬೆಳಿಗ್ಗೆ ಏಳಲಾರದವನೇ ದೊಡ್ಡ ಅಲಾರಂ ಗಡಿಯಾರ ಕೊಳ್ಳುವುದು. ಎರಡನೆಯ ತಾರೀಖಿನ ಮೇಲೆ ಒಂದಕ್ಷರ ಬರೆಯದವನೇ ಚರ್ಮದ ರಟ್ಟಿನ ಡೈರಿ ಹುಡುಕುವುದು. ಇಪ್ಪತ್ತೆರಡು ಸೆಕೆಂಡಿನ ನನಗೆ ಪೀಠವಿಲ್ಲದೆ ಹೇಗಾದೀತು? ಮಿಕ್ಸರಿನ ಆಸೆ ಬಿಡಬೇಕಾಗುತ್ತದೆ ಎಂದು ಅಳುಕುತ್ತಲೇ ಕುಸುಮಾಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಒರಳನ್ನು ನೋಡಿದಳು. ಆಮೇಲೆ, ಹಲ್ಲೇ ಹೋದರೆ ನಿಮಗೆ ಮೂರು ಹೊತ್ತೂ ರುಬ್ಬಿಯೇ ಹಾಕಬೇಕಾಗುತ್ತದೆ, ಮೊದಲು ಹಲ್ಲಾಗಲಿ, ಮಿಕ್ಸರು ಮುಂದಿನ ವರ್ಷ ಎಂದಳು. ತಾರು ಹೋಯಿತು.

ಮೇ ತಿಂಗಳಲ್ಲಿ ಯಂತ್ರ ಬಂತು. ಎಳೆಯ ನೀಲಿ ಬಣ್ಣದ ಹಿಡಿಕೆ, ಬೆಳ್ಳನೆಯ ಪೀಠ, ಪಾರದರ್ಶಕ ಮುಚ್ಚಳದೊಳಗೆ ನಾಲ್ಕು ಪುಟ್ಟ ತಲೆಗಳು. ಇಡೀ ಮಹಡಿ ನೋಡಲು ಬಂತು. ಮೊದಲನೆಯ ದಿನ ಗ್ಯಾಲರಿಯಲ್ಲಿ ನಿಂತು ಪೇಸ್ಟು ಹಚ್ಚಿ ಗುಂಡಿ ಒತ್ತಿದೆ. ಗುಂಡಿ ಒತ್ತುವ ಮೊದಲು ಬಾಯೊಳಗೆ ಇಟ್ಟುಕೊಳ್ಳಬೇಕೆಂದು ಪೆಟ್ಟಿಗೆಯ ಮೇಲೆ ಬರೆದಿತ್ತಂತೆ. ಸುಧಾ ಅದನ್ನು ಆಮೇಲೆ ಓದಿ ಹೇಳಿದಳು. ಅಷ್ಟರಲ್ಲಿ ಪೇಸ್ಟೆಲ್ಲ ಹಾರಿ ಪಕ್ಕದಲ್ಲಿ ನಿಂತಿದ್ದ ಶೆಟ್ಟರ ಇಸ್ತ್ರಿ ಅಂಗಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೂತಿತ್ತು. ಶೆಟ್ಟರು ಒಳ್ಳೆಯವರು. ಅಂಗಿ ಒರೆಸಿಕೊಳ್ಳುತ್ತ, "ನಮ್ಮ ಊರಲ್ಲಿ ಮಾವಿನ ಎಲೆ ಮಡಚಿ ಉಜ್ಜುವುದು ಮಾರಾಯ್ರೆ. ಅದು ಹೀಗೆಲ್ಲ ಉಗುಳುವುದಿಲ್ಲ" ಎಂದಷ್ಟೇ ಹೇಳಿದರು.

ಹೊರಗಿನ ತೊಂದರೆ ಇಷ್ಟಾದರೆ, ಒಳಗಿನದು ದೊಡ್ಡದು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಅದು ಅಡುಗೆಯ ಅರ್ಧ ಖೋಲಿಯಲ್ಲಿ, ಸರಿಯಾಗಿ ದೇವರ ಗೂಡಿನ ಕೆಳಗೆ. ಎಂಜಲು ಬಾಯಿಗೆ ಹೋಗುವ ವಸ್ತುವನ್ನು ಕೃಷ್ಣನ ಪಾದದ ಬುಡದಲ್ಲಿ ಇಡುವುದು ಹೇಗೆ? ಮಡಿ ಮೈಲಿಗೆಯ ವಿಷಯದಲ್ಲಿ ನಮ್ಮ ಅವ್ವನೇ ಸುಪ್ರೀಂ ಕೋರ್ಟು. ತಾಮ್ರ ಹುಣಿಸೆಹಣ್ಣಿಗೆ ಶುದ್ಧವಾಗುತ್ತದೆ, ಕಂಚು ಬೂದಿಗೆ, ಮಣ್ಣಿನದು ಕೆಟ್ಟರೆ ಹೊರಗೆ. ರೇಷ್ಮೆಗೆ ಮೈಲಿಗೆಯೇ ತಟ್ಟದು. ಪ್ಲಾಸ್ಟಿಕ್ಕಿನ ಬಗ್ಗೆ ಮಾತ್ರ ಹಿರಿಯರು ಏನೂ ಹೇಳಿ ಹೋಗಿಲ್ಲ. ಅವ್ವ ಎರಡು ದಿನ ವಿಚಾರ ಮಾಡಿದಳು. ಬ್ರಶ್ಶಿನ ಕೂದಲು ಹಂದಿಯದೇನು ಎಂದು ಸುಧಾಳ ಕಡೆಯಿಂದ ಪೆಟ್ಟಿಗೆ ಓದಿಸಿದಳು. ನೈಲಾನು ಎಂದು ತಿಳಿದ ಮೇಲೆ ನೈಲಾನು ಯಾವ ಪ್ರಾಣಿ ಎಂದು ವಿಚಾರಿಸಿಕೊಂಡಳು. ಮೂರನೆಯ ದಿನ ತೀರ್ಪು ಬಂತು: ತಲೆಗಳು ಎಂಜಲು, ಅವು ಹೊರಗೆ ಗ್ಯಾಲರಿಯಲ್ಲಿ ತಗಡಿನ ಡಬ್ಬಿಯಲ್ಲಿ ಇರತಕ್ಕದ್ದು. ಹಿಡಿಕೆಯನ್ನು ಮುಟ್ಟುವುದು ಕೈ, ಬಾಯಲ್ಲ. ಅದು ತೊಳೆದು ಒರೆಸಿ ಒಳಗೆ ಬರಬಹುದು. ಹಸಿರು ತಲೆ ಅವ್ವನ ಪಾಲಿಗೆ ಬಂದಿತ್ತು. ಅವಳಿಗೆ ಅದರ ಅಗತ್ಯ ಇರಲಿಲ್ಲ. ಇದ್ದಿಲು, ಉಪ್ಪು, ತೋರುಬೆರಳು, ಇಷ್ಟರಲ್ಲೇ ಎಪ್ಪತ್ತೆರಡು ವರ್ಷಕ್ಕೂ ಅವ್ವನ ಬಾಯಲ್ಲಿ ಮೂವತ್ತು ಹಲ್ಲು ಗಟ್ಟಿಯಾಗಿದ್ದವು. ಹಸಿರು ತಲೆ ಮುಚ್ಚಳದೊಳಗೆ ಹೊಸದಾಗಿಯೇ ಉಳಿಯಿತು.

ಯಂತ್ರದಿಂದ ನನ್ನ ಹಲ್ಲು ಸುಧಾರಿಸಿತೇ? ಅಯ್ಯೋ, ಅದನ್ನು ಹೇಗೆ ಹೇಳಲಿ. ಯಂತ್ರ ಒಂದು ನಿಮಿಷಕ್ಕೆ ಸಾವಿರಗಟ್ಟಲೆ ಸಲ ಅಲುಗುತ್ತದೆಂದು ಪ್ರಹ್ಲಾದ ಹೇಳಿದ್ದ. ನನ್ನ ಕೈ ಒಂದು ತಾಸಿನಲ್ಲಿ ಮಾಡುವ ಕೆಲಸವನ್ನು ಅದು ಹತ್ತು ಸೆಕೆಂಡಿನಲ್ಲಿ ಮಾಡಿರಬೇಕೆಂದು ನಾನೇ ಲೆಕ್ಕ ಹಾಕಿ ಗುಂಡಿ ಬಂದ್ ಮಾಡುತ್ತಿದ್ದೆ. ಇಪ್ಪತ್ತೆರಡು ಸೆಕೆಂಡು ಹತ್ತಕ್ಕೆ ಇಳಿಯಿತು. ಎರಡು ತಿಂಗಳ ಮೇಲೂ ಉಗುಳಿದರೆ ರಕ್ತ, ನಾಲಿಗೆಯಿಂದ ತಳ್ಳಿದರೆ ಹಲ್ಲು ಅಲುಗುತ್ತಿತ್ತು. ಲೋಕಲ್ಲಿನಲ್ಲಿ ಕೇಳಿದವರಿಗೆಲ್ಲ ಏ ಒನ್ ಎಂದೆ. ಮಿಕ್ಸರು ನುಂಗಿದ ಯಂತ್ರದ ಬಗ್ಗೆ ಬೇರೆ ಏನು ಹೇಳುವುದಕ್ಕೂ ಬಾಯಿರಲಿಲ್ಲ.

ಶ್ರಾವಣದಲ್ಲಿ ಆಫೀಸಿನವರು ನನ್ನನ್ನು ಹತ್ತು ದಿನ ನಾಗಪುರಕ್ಕೆ ಕಳಿಸಿದರು. ಪೀಠ ಹೊತ್ತುಕೊಂಡು ಹೋಗುವುದು ಬೇಡವೆಂದು ಹಳೆಯ ಬ್ರಶ್ಶು ಒಯ್ದೆ. ಗೋಕುಲಾಷ್ಟಮಿಯ ಮರುದಿನ ವಾಪಸ್ಸು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಏನೋ ಹೊಳೆದಂತಾಯಿತು. ನೋಡಿದರೆ ದೇವರ ಗೂಡು.

ನಮ್ಮ ಮನೆಯ ಕೃಷ್ಣ ಅಂಗೈಯಷ್ಟು ಎತ್ತರದ ಪಂಚಲೋಹದ ಮೂರ್ತಿ. ಅಜ್ಜನ ಕಾಲದ್ದು. ಅವನು ಕರಿಯ ಎಂದು ಪುರಾಣ ಹೇಳುವುದರಿಂದ ಅವನ ಮೈ ಮೇಲಿನ ಕರಿ ಬಣ್ಣವನ್ನು ನಾವು ಯಾರೂ ಪ್ರಶ್ನಿಸಿರಲಿಲ್ಲ. ಅದು ಎರಡು ತಲೆಮಾರಿನ ಎಣ್ಣೆ, ತುಪ್ಪ, ಗಂಧದ ಜಿಡ್ಡು ಎಂದು ಅವತ್ತು ಗೊತ್ತಾಯಿತು. ಕೊಳಲು ಹಿಡಿದ ಬೆರಳುಗಳು ಬೇರೆ ಬೇರೆಯಾಗಿ ಕಾಣುತ್ತಿದ್ದವು. ನವಿಲುಗರಿಯಲ್ಲಿ ಕಣ್ಣಿತ್ತು. ನನ್ನ ಯಂತ್ರದ ಹಿಡಿಕೆ ಗೂಡಿನೊಳಗೆ, ದೇವರ ಗಂಟೆಯ ಪಕ್ಕದಲ್ಲಿ ನಿಂತಿತ್ತು. ಅದರ ಮೇಲೆ ಹಸಿರು ತಲೆ, ತಲೆಗೆ ಹುಣಿಸೆಹಣ್ಣಿನ ನಾರು.

ಅವ್ವ ನನ್ನನ್ನು ಕೂಡಿಸಿಕೊಂಡು ಮೂರ್ತಿಯನ್ನು ದೂರದಿಂದಲೇ ತೋರಿಸಿದಳು. "ಐವತ್ತೈದು ವರ್ಷಾತು ಈ ಮನಿಗೆ ಬಂದು. ಕೃಷ್ಣನ ಮೂಗಿನ್ಯಾಗ ಮುತ್ತು ಪೋಣಸೋ ತೂತು ಅದ ಅಂತ ಮೊನ್ನೆ ಗೊತ್ತಾತು ನೋಡು" ಎಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

ನಾನು ಹಿಡಿಕೆಗೆ ಕೈ ಚಾಚಿದೆ. ಅವ್ವ ಬೇಡವೆಂದಳು. ಹಿಡಿಕೆ ಮೊದಲೇ ಎಂಜಲಲ್ಲ ಎಂದು ತೀರ್ಪಾಗಿದೆ. ಹಸಿರು ತಲೆಯನ್ನು ಯಾರ ಬಾಯೂ ಮುಟ್ಟಿಲ್ಲ. ಗಂಗೋದಕ ಹಾಕಿ ತುಳಸಿ ಇಟ್ಟಾಗಿದೆ. ಹೀಗಾಗಿ ಯಂತ್ರ ಈಗ ಪೂಜೆಯ ಪಾತ್ರೆಗಳ ಜೊತೆಯದ್ದು, ಇನ್ನು ಅದರ ಮೇಲೆ ನನ್ನ ಕೆಂಪು ತಲೆ ಏರುವಂತಿಲ್ಲ ಎಂಬುದು ಅವಳ ಹೊಸ ತೀರ್ಪು. ನಾನು ಸಿಟ್ಟಿಗೆದ್ದೆ. ದಸರೆಗೆ ಎರಡು ತಿಂಗಳೂ ಉಳಿದಿಲ್ಲ, ಮೇಲಿನ ಸಾಲು ಪೂರಾ ಹೋಗುವುದರಲ್ಲಿದೆ, ಮಗನ ಹಲ್ಲಿಗೆಂದು ಹಡಗಿನಲ್ಲಿ ಬಂದ ಯಂತ್ರ ದೇವರಿಗೆ ಯಾಕೆ, ಅವನಿಗೇನು ವಸಡು ಸಡಿಲವಾಗಿದೆಯೇ ಎಂದು ಕೂಗಾಡಿದೆ. ದೇವರಿಗೆ ಕೊಟ್ಟದ್ದು ಪ್ರಸಾದವಾಗಿ ತಿರುಗಿ ಬರಬೇಕಲ್ಲ, ಹಾಗೆ ಕೊಡು ಎಂದು ಶಾಸ್ತ್ರವನ್ನೂ ತಂದೆ. ಅವ್ವ ದನಿ ಏರಿಸದೆ, "ದೇವರ ಗಂಟಿ ಒಯ್ದು ಸಾಲಿಗಿ ಕಟ್ಟತಾರೇನೋ ಶೀನ್ಯಾ?" ಎಂದು ಕೇಳಿದಳು. ಶಾಲೆಯ ಗಂಟೆಯ ಮಾತು ಬಂದ ಮೇಲೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ.

ಕುಸುಮಾ ನನ್ನನ್ನು ಗ್ಯಾಲರಿಗೆ ಕರೆದಳು. ಅವ್ವನ ಬೆರಳ ಗಂಟುಗಳು ಎರಡು ವರ್ಷದಿಂದ ಸೆಟೆದುಕೊಂಡಿದ್ದವು, ಅದು ನನಗೆ ಗೊತ್ತಿತ್ತು. ದೇವರನ್ನು ತಿಕ್ಕುವಾಗ ಮೂರ್ತಿ ಕೈಜಾರಿ ಬೀಳುತ್ತಿತ್ತು, ಅದು ಗೊತ್ತಿರಲಿಲ್ಲ. ಸೊಸೆಯಾದ ತಾನು ತೊಳೆಯುತ್ತೇನೆ ಎಂದರೆ ಅತ್ತೆ ಒಪ್ಪುತ್ತಿರಲಿಲ್ಲ, ಕೈ ಹೋಯಿತು, ಇನ್ನು ನನ್ನ ಪೂಜೆಯೂ ಹೋಯಿತು ಎಂದು ಒಬ್ಬಳೇ ಅಳುತ್ತಿದ್ದಳು ಎಂದು ಕುಸುಮಾ ಹೇಳಿದಳು. ಈಗ ಮೂರ್ತಿಯನ್ನು ಒದ್ದೆ ಬಟ್ಟೆಯ ಮೇಲೆ ಇಟ್ಟು ಯಂತ್ರ ಹಿಡಿದುಕೊಂಡರೆ ಸಾಕು, ಒತ್ತಬೇಕಿಲ್ಲ, ತಿಕ್ಕಬೇಕಿಲ್ಲ. ಅಷ್ಟು ಕೇಳಿದ ಮೇಲೆ ಯಂತ್ರ ವಾಪಸ್ಸು ಕೊಡು ಎನ್ನಲು ನನಗೆ ನಾಚಿಕೆಯಾಯಿತು. ಬಾಯಲ್ಲಿ ಇಟ್ಟುಕೊಂಡು ನಿಂತರೆ ಸಾಕು ಎಂದು ಆಸೆಪಟ್ಟವನು ನಾನು. ಹಿಡಿದುಕೊಂಡು ಕೂತರೆ ಸಾಕು ಎಂದು ಅವ್ವ ಆಸೆಪಟ್ಟರೆ ಹೇಗೆ ಬೈಯಲಿ?

ಮರುದಿನದಿಂದ ನಾನು ಮತ್ತೆ ಗ್ಯಾಲರಿಯ ಕಠಡೆಗೆ, ಹಳೆಯ ಬ್ರಶ್ಶಿಗೆ. ಅವತ್ತು ಎಂದಿನಂತೆ ಕ್ಷಣದಲ್ಲಿ ಮುಗಿಸಿ, ಬಾಯಿ ಮುಕ್ಕಳಿಸಿ, ಕಾಫಿಗೆಂದು ಒಳಗೆ ಹೊರಟೆ. ಒಳಗೆ ಗುಂಯ್ ಎಂದು ಯಂತ್ರ ಓಡುತ್ತಿತ್ತು. ದೇವರ ಕೆಲಸ ಮುಗಿಯುವ ತನಕ ಅಡುಗೆಯ ಅರ್ಧಕ್ಕೆ ಯಾರೂ ಕಾಲಿಡುವಂತಿಲ್ಲ ಎಂದು ಹೊಸ ಕಾನೂನಾಗಿತ್ತು. ಕಾಫಿ ಇದ್ದದ್ದು ಆ ಅರ್ಧದಲ್ಲಿ. ಒಳಗಿನಿಂದ ಅವ್ವ, "ನಿಂದು ಆಗೇ ಹೋತೇನು? ದೇವರದು ಇನ್ನೂ ಆಗಿಲ್ಲ" ಎಂದಳು. ಇಡೀ ಗ್ಯಾಲರಿಗೆ ಕೇಳಿಸಿತು. ಶೆಟ್ಟರು ನೊರೆ ತುಂಬಿದ ಬಾಯಿಂದಲೇ ನಕ್ಕರು. ನಾನು ಮತ್ತೆ ಬ್ರಶ್ಶಿಗೆ ಪೇಸ್ಟು ಹಚ್ಚಿದೆ. ಖಾಲಿ ಬಾಯಲ್ಲಿ ನಿಂತು ಕಾಫಿಯ ವಾಸನೆ ಕುಡಿಯುವುದಕ್ಕಿಂತ ಉಜ್ಜುತ್ತ ನಿಲ್ಲುವುದು ಮರ್ಯಾದೆಯ ಕೆಲಸ.

ಅಂದಿನಿಂದ ಇದೇ ನಿತ್ಯಕರ್ಮವಾಯಿತು. ಒಳಗೆ ಯಂತ್ರ ಸುರುವಾದರೆ ಹೊರಗೆ ನನ್ನದು ಸುರು, ಅದು ನಿಂತರೆ ನನ್ನದು ಬಂದ್. ಎಂಟು ನಿಮಿಷ, ಹತ್ತು ನಿಮಿಷ. ಅಷ್ಟು ಹೊತ್ತು ಮುಂದಿನ ಹಲ್ಲುಗಳನ್ನೇ ಉಜ್ಜುತ್ತ ನಿಂತರೆ ಬೇಸರ ಬರುತ್ತದೆ. ಬೇಸರ ಕಳೆಯಲಿಕ್ಕೆ ನಾನು ದವಡೆಯ ಕಡೆಗೆ ಹೋದೆ, ಒಳಸಾಲಿಗೆ ಹೋದೆ, ನಲವತ್ತೊಂದು ವರ್ಷ ಭೇಟಿ ಕೊಡದ ಸಂದಿಗೊಂದಿಗಳಿಗೆಲ್ಲ ಹೋಗಿ ಬಂದೆ. ಅಂಗೈಯಷ್ಟು ಮೂರ್ತಿಗೆ ಹತ್ತು ನಿಮಿಷ ಯಾಕೆ ಬೇಕು ಎಂದು ಒಮ್ಮೆ ಅವ್ವನನ್ನು ಕೇಳಿಯೂ ಕೇಳಿದೆ. ದೇವರಿಗೆ ಸಂದಿ ಬಹಳ ಎಂದಳು.

ದಸರೆಗೆ ನಾಲ್ಕು ದಿನ ಮೊದಲು ದಾದರಿನಲ್ಲಿ ಇಳಿದೆ. ಮೆಟ್ಟಿಲು ಹತ್ತುವಾಗ ಜೇಬಿನಲ್ಲಿ ಕುಸುಮಾ ಪೊಟ್ಟಣ ಕಟ್ಟಿಕೊಟ್ಟ ದೇವರ ಅಂಗಾರ ಇತ್ತು. ಡಾಕ್ಟರು ಕನ್ನಡಿ ತೂರಿಸಿದರು, ಚುಚ್ಚಿದರು, ಮುಂದಿನ ಹಲ್ಲನ್ನು ಹಿಡಿದು ಅಲುಗಿಸಿದರು. ಹಲ್ಲಿನ ಜೊತೆ ನನ್ನ ತಲೆಯೂ ಅಲುಗಿತು; ಅಂದರೆ ಹಲ್ಲು ಗಟ್ಟಿಯಾಗಿತ್ತು. ಕಥೆ ಮುಗಿದಿದ್ದ ಆ ಕೆಳಗಿನ ದವಡೆ ಹಲ್ಲನ್ನು ಮಾತ್ರ ಕಿತ್ತು, ಕವಳಿ ಬೇಡ ಎಂದರು. ಫಾರಿನ್ ಬ್ರಶ್ಶಿನ ಕಥೆಯನ್ನು ನಾನು ಹಿಂದೊಮ್ಮೆ ದಾದರಿನ ಸ್ಟೇಶನ್ನಿನಲ್ಲಿ ಸಿಕ್ಕಾಗ ಹೇಳಿದ್ದೆ. ಅದನ್ನು ನೆನಪಿಟ್ಟುಕೊಂಡು, ದಿನಾ ಎಷ್ಟು ಹೊತ್ತು ಓಡಿಸುತ್ತೀರಿ ಎಂದು ಕೇಳಿದರು. ಹತ್ತು ನಿಮಿಷ ಓಡುತ್ತದೆ ಎಂದೆ, ಬಾಯಲ್ಲಿ ಹತ್ತಿ ಇಟ್ಟುಕೊಂಡು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಡಾಕ್ಟರು ಮೆಚ್ಚಿ ತಲೆದೂಗಿ, ದುಬಾರಿ ಖರೆ, ಆದರೆ ರೊಕ್ಕ ವಸೂಲ್ ಎಂದರು.

ಮನೆಗೆ ಬಂದು ಸುದ್ದಿ ಹೇಳಿದೆ. ಕುಸುಮಾ ದೇವರಿಗೆ ಕೈ ಮುಗಿದು, ಮಿಕ್ಸರಿನ ಬಗ್ಗೆ ಪ್ರಹ್ಲಾದನಿಗೆ ಇವತ್ತೇ ಬರೆಯುತ್ತೇನೆ ಎಂದಳು. ಅವ್ವ ಕನ್ನಡಕ ಹಾಕಿಕೊಂಡು, ನನ್ನನ್ನು ದೀಪದ ಕೆಳಗೆ ಕರೆದು, ಬಾಯಿ ತೆಗೆ ಎಂದಳು. ಸೆಟೆದ ಎರಡು ಬೆರಳಿನಿಂದ ಗದ್ದ ಹಿಡಿದು ಆ ಕಡೆ ಈ ಕಡೆ ಹೊರಳಿಸಿ ನೋಡಿದಳು. ನಾನು ಹಾಲುಹಲ್ಲಿನವನಾಗಿದ್ದಾಗ ಹಾಗೆ ನೋಡಿರಬೇಕು.

"ಹಿಂದಿನ ಸಾಲಿನ್ಯಾಗ ಇನ್ನೂ ಕರಿ ಅದ" ಎಂದಳು. "ಇರ್ಲಿ, ನಾಳಿಂದ ಇನ್ನೆರಡು ನಿಮಿಷ ಹೆಚ್ಚಿಗಿ ಓಡಸ್ತೀನಿ."

ಹೀಗೆಂದು ಕೈ ತೊಳೆದುಕೊಳ್ಳಲು ಹೋದಳು. ನಾನು ತೆರೆದ ಬಾಯಿ ಮುಚ್ಚದೆ ಕುಸುಮಾಳ ಕಡೆ ನೋಡಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ದೇವರದು ದಿನಾ ಎರಡೇ ನಿಮಿಷಕ್ಕೆ ಮುಗಿಯುತ್ತದಂತೆ. ಆಮೇಲೆ ಅವ್ವ ಓಡುವ ಯಂತ್ರವನ್ನು ತೊಡೆಯ ಮೇಲೆ ಹಿಡಿದುಕೊಂಡು, ಬಾಗಿಲ ಸಂದಿಯಿಂದ ನನ್ನ ಬೆನ್ನು ನೋಡುತ್ತ, ಜಪ ಮಾಡುತ್ತ ಕೂತಿರುತ್ತಾಳಂತೆ.

ಇವತ್ತಿಗೂ ಲೋಕಲ್ಲಿನಲ್ಲಿ ಯಾರಾದರೂ, ಅಷ್ಟು ದುಬಾರಿಯದ್ದು ಬೇಕಾಗಿತ್ತೇ, ಸೆಲ್ಲಿನದು ಸಾಲುತ್ತಿರಲಿಲ್ಲವೇ ಎಂದು ಕೇಳಿದರೆ ನಾನು ಬೇಕಾಗಿತ್ತು ಎಂದೇ ಹೇಳುತ್ತೇನೆ. ಸೆಲ್ಲಿನದಾಗಿದ್ದರೆ, ಸೆಲ್ಲು ಸವೆಯುತ್ತದೆಂದು ನಮ್ಮ ಅವ್ವ ಅದನ್ನು ಎರಡೇ ನಿಮಿಷಕ್ಕೆ ಬಂದ್ ಮಾಡಿಬಿಡುತ್ತಿದ್ದಳು.